ಲಿಂಬಿಗಿಡಕ್ಕೆ ಕಟ್ಟಿದ ಮಗ್ಗುಗಳು

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಓದುವವರು ಮನ್ನಿಸಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ನಮ್ಮೂರ ಶಾಲೆಯಲ್ಲಿ ನಡೆಯುತ್ತಿದ್ದ ಸಂಜೆ ತರಗತಿಯಲ್ಲಿ. ಹಿತ್ತಲಿನ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ನಮ್ಮ ಓಣಿಯಲ್ಲೇ ಇದ್ದಾರೆ. ಹಕ್ಕಿಗಳ ಬಗ್ಗೆ ಬಲ್ಲವರು ಎಲ್ಲೆಲ್ಲೋ ಇರಬಹುದು. ಆದರೆ ಐದು ಗುಬ್ಬಿ ಸತ್ತ ಈ ಸಂಗತಿಯನ್ನು ನಾನೇ ಹೇಳಬೇಕು, ಯಾಕೆಂದರೆ ತಪ್ಪು ನನ್ನದು ಎಂದು ನಾನೊಬ್ಬಳೇ ನಂಬಿದ್ದೇನೆ. ಉಳಿದವರೆಲ್ಲ ನಮ್ಮ ಅತ್ತೆಯದು ಅನ್ನುತ್ತಾರೆ. ಅತ್ತೆಯೂ ಹಾಗೇ ಅನ್ನುತ್ತಾರೆ.

ನಮ್ಮದು ತೆಲಸಂಗ. ಊರೊಳಗೆ ಮನೆ, ಊರ ಹೊರಗೆ ಮೂರು ಎಕರೆ ದ್ರಾಕ್ಷಿ. ಮನೆಯ ಹಿಂದೆ ಸಣ್ಣ ಹಿತ್ತಲಿದೆ. ಅತ್ತೆ ಗಿರಿಜವ್ವನಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಅದನ್ನು ನನಗೆ ಬಿಟ್ಟುಕೊಟ್ಟರು. ದೀಪಾವಳಿ ಮುಗಿದ ವಾರ ನಾನು ಮೆಂತ್ಯ, ಕೊತ್ತಂಬರಿ, ಮೂಲಂಗಿ ಹಾಕುತ್ತೇನೆ. ಗೋಡೆಯ ಬುಡಕ್ಕೆ ಅವರೆ ಬಳ್ಳಿ, ನಡುವಿನ ಎರಡು ಮಡಿಯಲ್ಲಿ ಹೂಕೋಸು. ಚಳಿಗೆ ಸಸಿ ಕುಗ್ಗಬಾರದೆಂದು ಬುಡಕ್ಕೆ ರವದಿ ಹಾಸುತ್ತೇನೆ. ರವದಿ ಎಂದರೆ ಕಬ್ಬಿನ ಒಣಗರಿ. ನೀರು ಹಾಕುವುದು ಬಿಸಿಲೇರಿದ ಮೇಲೆಯೇ. ಎಳೆ ಮೆಂತ್ಯವನ್ನು ಗುಬ್ಬಿಗಳು ಕಿತ್ತು ಹಾಕುತ್ತವೆಂದು ಎರಡೆಲೆ ಆಗುವವರೆಗೆ ಮಡಿಯ ಮೇಲೆ ಜಾಲಿ ಮುಳ್ಳು ಹರಡುತ್ತೇನೆ. ಮುಳ್ಳು ಹರಡಿದ ದಿನವೆಲ್ಲ ಯಾವುದಾದರೂ ಹಕ್ಕಿಯ ಕಾಲಿಗೆ ಚುಚ್ಚಿತೋ ಎಂದು ಹತ್ತು ಸಲ ಹೋಗಿ ನೋಡುತ್ತೇನೆ. ನನ್ನ ಸ್ವಭಾವವೇ ಹಾಗೆ. ಎಲ್ಲವನ್ನೂ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಹಿತ್ತಲು ನನಗೆ ಕೊಟ್ಟರೂ ಗುಬ್ಬಿಗಳನ್ನು ಅತ್ತೆ ಯಾರಿಗೂ ಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಮೊರದಲ್ಲಿ ಜೋಳದ ನುಚ್ಚು ತಂದು ಲಿಂಬಿಗಿಡದ ಕೆಳಗೆ ಚೆಲ್ಲಿ, ಅವು ಇಳಿದು ತಿಂದ ಮೇಲೆಯೇ ಅವರ ಚಹಾ. ಸೊಸೆಯಾಗಿ ಬಂದ ವರ್ಷ ಅವರ ಅತ್ತೆ ಹೇಳಿಕೊಟ್ಟದ್ದಂತೆ.

ಈ ಸಲ ಹೂಕೋಸಿಗೆ ಹಸಿರು ಹುಳು ಬಿದ್ದವು. ಔಷಧಿ ಹೊಡೆಯಲು ನನಗೆ ಮನಸ್ಸು ಬರಲಿಲ್ಲ. ಗುಬ್ಬಿಗಳು ಹುಳುಗಳನ್ನು ಹೆಕ್ಕುತ್ತವೆಂದು ಓದಿದ್ದೆ. ನುಚ್ಚು ತಿಂದ ಕೂಡಲೇ ಹಾರಿಹೋಗದೆ ಅವು ಹಿತ್ತಲಲ್ಲೇ ನಿಲ್ಲಬೇಕಾದರೆ ನೀರು ಇಡಬೇಕು. ನೆಲದ ಮೇಲೆ ಇಟ್ಟರೆ ಬೆಕ್ಕು ಹೊಂಚು ಹಾಕುತ್ತಿತ್ತು. ತೂಗು ಹಾಕಲು ಏನಾದರೂ ಬೇಕೆಂದು ಶೆಡ್ಡಿಗೆ ಹೋದಾಗ ಗೋಣಿಚೀಲದಲ್ಲಿ ಹಳೆಯ ಡಿಪಿಂಗ್ ಮಗ್ಗುಗಳು ಕಂಡವು.

ದ್ರಾಕ್ಷಿ ಬೆಳೆಯದವರಿಗಾಗಿ ಹೇಳುತ್ತೇನೆ. ಬಳ್ಳಿ ಕತ್ತರಿಸಿ ಹೊಸ ಗೊನೆ ಬಿಟ್ಟಾಗ, ಕಾಳು ಉದ್ದವಾಗಲೆಂದು ಒಂದೊಂದೇ ಗೊನೆಯನ್ನು ಔಷಧಿ ನೀರಿನ ಮಗ್ಗಿನಲ್ಲಿ ಅದ್ದಿ ತೆಗೆಯುತ್ತಾರೆ. ಅದಕ್ಕೆ ಡಿಪಿಂಗ್ ಅನ್ನುತ್ತಾರೆ. ಹಂಗಾಮು ಮುಗಿದ ಮೇಲೆ ಆ ಮಗ್ಗುಗಳನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಸೆಗಣಿ ಕಲಸಲು, ಮೊಳೆ ಹಾಕಿಡಲು, ಕೋಳಿಗೆ ನೀರಿಡಲು, ಎಲ್ಲದಕ್ಕೂ ಅವೇ. ಹಿಡಿಕೆ ಇರುವುದರಿಂದ ತಂತಿ ಕಟ್ಟಲು ಸಲೀಸು. ನಾನು ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಮೂರು ಮಗ್ಗುಗಳನ್ನು ಲಿಂಬಿಗಿಡಕ್ಕೆ ಕಟ್ಟಿದೆ. ನಾಲ್ಕನೆಯ ದಿನ ಒಂದು ಗುಬ್ಬಿ ಅಂಚಿನ ಮೇಲೆ ಕೂತು ನೀರು ಕುಡಿಯಿತು. ಆ ಸಂತೋಷದಲ್ಲಿ ನಮ್ಮೂರ ಹೆಣ್ಣುಮಕ್ಕಳ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡಿಬಿಟ್ಟೆ. ಏಳು ಮನೆಯವರು ನನ್ನಿಂದ ಮಗ್ಗು ಒಯ್ದು ತಮ್ಮ ತಮ್ಮ ಹಿತ್ತಲಲ್ಲಿ ಕಟ್ಟಿದರು.

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಡಿಸೆಂಬರಿನ ಒಂದು ಭಾನುವಾರ ಚೀಲದ ತಳದಿಂದ ಇನ್ನೆರಡು ಮಗ್ಗು ತೆಗೆದು ಕಟ್ಟಿದೆ. ಸೋಮವಾರ ಬೆಳಿಗ್ಗೆ ಅತ್ತೆ ಕೂಗಿದರು.

"ರೂಪಾಲಿ, ಇಲ್ಲಿ ಬಾ ಬೇ. ನನ್ನ ಕಣ್ಣ ಸುಳ್ಳ ಹೇಳಾಕತ್ತಾವೇನ ನೋಡು."

ಲಿಂಬಿಗಿಡದ ಕೆಳಗೆ ಐದು ಗುಬ್ಬಿ ಬಿದ್ದಿದ್ದವು. ಅತ್ತೆ ಮೊರವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ನಿನ್ನೆ ಡಬ್ಬಿ ಬಳದ ನುಚ್ಚ ಮಾಡಿದ್ದೆ," ಅಂದರು. "ತಳದಾಗ ಪುಡಿ ಕುಂತಿರತೈತಿ. ನನಗ ತಿಳೀಲಿಲ್ಲ. ನಾನ ಕೈಯಾರ ಹಾಕೇನಿ."

ಜೋಳಕ್ಕೆ ಹುಳ ಹತ್ತಬಾರದೆಂದು ಡಬ್ಬಿ ತುಂಬುವಾಗ ವಿಷದ ಪುಡಿ ಬೆರೆಸುತ್ತೇವೆ. ರೊಟ್ಟಿಗೆ ತೆಗೆಯುವಾಗ ತೊಳೆದು ಒಣಗಿಸಿ ಬೀಸುತ್ತೇವೆ. ಗುಬ್ಬಿಯ ನುಚ್ಚನ್ನು ಯಾರು ತೊಳೆಯುತ್ತಾರೆ? ಅತ್ತೆಯ ಅನುಮಾನಕ್ಕೆ ಕಾರಣವಿತ್ತು. ಆದರೆ ನನ್ನ ಕಣ್ಣು ಆಗಲೇ ಮಗ್ಗುಗಳ ಮೇಲೆ ನಿಂತಿತ್ತು. ಆ ಗಳಿಗೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಖಾತ್ರಿ ಮಾಡಿಕೊಂಡು ಹೇಳೋಣ ಅಂದುಕೊಂಡೆ. ಸಂಘದಲ್ಲಿ ಮಾತಾಡಿದ ಬಾಯಿಗೆ ನಾಚಿಕೆಯೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಗುಬ್ಬಿಗಳನ್ನು ಶ್ರೀಖಂಡದ ಖಾಲಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ದನದ ದವಾಖಾನೆಗೆ ಹೋದೆ. ಎಮ್ಮೆ ಹಿಡಿದುಕೊಂಡು ಸರದಿಯಲ್ಲಿ ನಿಂತವರೊಬ್ಬರು ಡಬ್ಬಿಯೊಳಗೆ ಇಣುಕಿ, "ಗುಬ್ಬಿಗೂ ಪಾಳಿ ಹಚ್ಚೂದ ಆತೇನ್ರಿ ಇನ್ನ?" ಅಂದರು. ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ.

"ಯಾವಾಗ ಸತ್ತಾವ್ರಿ?"

"ರಾತ್ರಿ ಸತ್ತಾವೋ ಬೆಳಿಗ್ಗಿಯೋ ಗೊತ್ತಿಲ್ರಿ ಸರ್."

"ಈಗ ಹನ್ನೆರಡಾತು. ಐಸಿನ್ಯಾಗ ಇಟ್ಟ ತರಬೇಕಿತ್ರಿ. ಆದ್ರೂ ಲ್ಯಾಬಿಗೆ ಕಳಿಸಬೇಕಂದ್ರ, ಯಾವ ವಿಷ ಹುಡುಕಬೇಕು ಅಂತ ನೀವ ಹೇಳಬೇಕಾಗತೈತಿ."

"ಅದ ಗೊತ್ತಿದ್ರ ನಾ ಯಾಕ ಬರ್ತಿದ್ನಿರಿ?"

ಅವರು ಡಬ್ಬಿಯ ಮುಚ್ಚಳ ಹಾಕಿದರು. "ನಿಮ್ಮ ಮಾತ ಖರೇ ಐತ್ರಿ," ಅಂದರು. "ಆಳಾಗಿ ತಗ್ಗ ತಗದು ಹುಗೀರಿ. ಕೈಗೆ ಸಾಬೂನ ಹಚ್ಚಿ ತೊಳ್ಕೊರ್ರಿ."

ಸಂಜೆ ನಮ್ಮ ಮನೆಯವರು ತೋಟದಿಂದ ಬಂದ ಕೂಡಲೇ, ಅವರು ಕಾಲು ತೊಳೆಯುವ ಮೊದಲೇ, ಆ ಮಗ್ಗುಗಳಲ್ಲಿ ಏನೇನು ಹಾಕಿದ್ದಿರಿ ಎಂದು ಕೇಳಿದೆ. ಅವರ ಹೆಸರು ಬಾಬಾಸಾಹೇಬ. ಯಾವುದಕ್ಕೂ ಒಂದೇ ಉತ್ತರ ಕೊಟ್ಟವರಲ್ಲ.

"ಡಿಪಿಂಗದ್ದು ಅಷ್ಟ. ಅದರಿಂದ ಏನ್ ಸಾಯ್ತಾವ?"

"ಬ್ಯಾರೆ ಏನೂ ಹಾಕಿಲ್ಲಲ್ಲ?"

"ಹೋದ ವರ್ಷ ಬಳ್ಳಿಗೆ ಬಿಳೇ ಹುಳ ಬಿದ್ದಿತ್ತಲ್ಲ, ಕಾಂಡಕ್ಕ ಬ್ರಶ್ಶಿಲೆ ಔಷಧ ಹಚ್ಚಿಸಿದ್ದೆ. ಕೂಲಿ ಹೆಣ್ಮಕ್ಕಳು ಮಗ್ಗಿನ್ಯಾಗ ಕಲಸಿದ್ರೋ ಬಕೀಟಿನ್ಯಾಗೋ."

"ಮಗ್ಗಿನ್ಯಾಗ ಇರಬೇಕಲ್ರಿ ಹಂಗಾದ್ರ?"

"ಇರಬಹುದು. ಇರಲಿಕ್ಕೂ ಇಲ್ಲ. ಯಾವ ಮಗ್ಗಿನ್ಯಾಗ ಏನ್ ಹಾಕಿದ್ವಿ ಅಂತ ನಿನ್ನಂಗ ನೋಟಬುಕ್ಕಿನ್ಯಾಗ ಬರಕೋತ ಕುಂದರಲೇನು?"

ಅದೇ ರಾತ್ರಿ ಊಟದ ಹೊತ್ತಿಗೆ ಅತ್ತೆ ತಮ್ಮ ತೀರ್ಮಾನ ಹೇಳಿದರು. ಶುಕ್ರವಾರ ಕೊಕಟನೂರಿಗೆ ಹೋಗಿ ಎಲ್ಲವ್ವನಿಗೆ ತಪ್ಪುಕಾಣಿಕೆ ಹಾಕಿ ಬರುತ್ತಾರಂತೆ. ನಡೆದುಕೊಂಡು, ಬರಿಗಾಲಲ್ಲಿ. ಮನೆಯಿಂದ ಬಾವಿಕಟ್ಟೆಯವರೆಗೆ ಹೋಗಲು ಎರಡು ಸಲ ಕೂರುವವರು. ಗಾಡಿಯ ಮೇಲೆ ಬಿಡುತ್ತೇನೆಂದು ನಮ್ಮ ಮನೆಯವರು ಹೇಳಿದ್ದಕ್ಕೆ, "ಗಾಡಿ ಮ್ಯಾಲ ಹೋಗಿ ತಪ್ಪಾತು ಅಂದ್ರ ಆಕಿ ಕೇಳ್ತಾಳೇನ?" ಅಂದರು.

ನನ್ನ ಹತ್ತಿರ ಮೂರು ದಿನ ಇದ್ದವು. ಮಂಗಳವಾರ ಏಳು ಮನೆಗೂ ಹೋಗಿ ಮಗ್ಗು ತಿರುಗಿ ಕೇಳಿದೆ. ಆರು ಮನೆಯವರು ಕೊಟ್ಟರು. ಪಕ್ಕದ ಮನೆಯ ಅಕ್ಕುತಾಯಿ ಕೊಡಲಿಲ್ಲ. ಅವರು ನಮ್ಮ ಅತ್ತೆಯ ವಾರಿಗೆಯವರು. ಅವರನ್ನು ಕಾಕೂ ಎಂದು ಕರೆಯುತ್ತೇನೆ.

"ಕೊಟ್ಟದ್ದ ತಿರುಗಿ ಇಸ್ಕೊಂಡ್ರ ನಾಯಿ ಆಗಿ ಹುಟ್ತಾರಂತ ಬೇ."

"ಆಗ್ತೀನ್ರಿ ಕಾಕೂ, ಕೊಡ್ರಿ. ನಮ್ಮಲ್ಲಿ ಗುಬ್ಬಿ ಸತ್ತಾವು."

"ನಮ್ಮಲ್ಲಿ ಒಂದೂ ಸತ್ತಿಲ್ಲ. ಅದ ಮಗ್ಗು, ಅದ ನೀರು. ನಿಮ್ಮತ್ತಿ ನುಚ್ಚಿಂದ ಸತ್ತಾವು ಅಂತ ಊರೆಲ್ಲ ಅನ್ನಾಕತ್ತೈತಿ. ನೀ ಮಗ್ಗಿಗೆ ಯಾಕ ಬೈತಿ?"

ಮಾತಾಡುತ್ತಲೇ ಅವರು ಹೂಕೋಸಿನ ಹುಳು ತಿಂದ ಎಲೆಗಳನ್ನು ಮುರಿದು ಹಾಕುತ್ತಿದ್ದರು. ಎಲೆಗಳ ಮೇಲೆ ಬಿಳಿ ಚುಕ್ಕೆಗಳಿದ್ದವು. ಎಣ್ಣೆ ಹೊಡೆದಿದ್ದೀರೇನು ಎಂದು ಕೇಳಿದೆ. ಎಣ್ಣೆ ಎಂದರೆ ನಮ್ಮ ಕಡೆ ಕೀಟನಾಶಕ.

"ಭಾನುವಾರ ಹೊಡದೀವಿ. ಹಂಗಂತ ನಿಮ್ಮ ಗುಬ್ಬಿ ನಮ್ಮ ಮನೀಗೆ ಬಂದು ಉಂಡು ಹೋಗಿದ್ವು ಅಂತೀಯೇನ?"

ಹಾಗೆ ನಾನು ಅನ್ನಲಿಲ್ಲ. ಆದರೆ ಎಲ್ಲವೂ ಭಾನುವಾರವೇ ಯಾಕೆ ಆಗಬೇಕಿತ್ತು? ಡಬ್ಬಿ ಬಳಿದದ್ದು ಭಾನುವಾರ, ಚೀಲದ ತಳದ ಮಗ್ಗು ಕಟ್ಟಿದ್ದು ಭಾನುವಾರ, ಈಗ ಇದೂ ಒಂದು. ಮನೆಗೆ ಬಂದು ಬಚ್ಚಲಲ್ಲಿ ನಿಂತು, ಯಾರಿಗೂ ಕೇಳದಂತೆ, ಸಿಟ್ಟಿನಿಂದ ಅತ್ತುಬಿಟ್ಟೆ.

ಬುಧವಾರ ಮಧ್ಯಾಹ್ನ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೋಮವಾರದಿಂದ ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿಬಿಟ್ಟೆ.

"ಅತ್ತಿ, ನಿಮ್ಮ ನುಚ್ಚಲ್ರಿ. ನನ್ನ ಮಗ್ಗು. ಅದರಾಗ ಔಷಧ ಇತ್ತು ಅಂತ ಕಾಣತೈತ್ರಿ."

ಅವರು ತಿರುಗಲಿಲ್ಲ. "ತಿಂಗಳಾತು ಅದರಾಗ ಕುಡ್ಯಾಕತ್ತು. ತಿಂಗಳ ಸಾಯಲಾರದ್ದು ಮೊನ್ನೆ ಯಾಕ ಸತ್ತುವು?"

"ಭಾನುವಾರ ಬ್ಯಾರೆ ಎರಡ ಕಟ್ಟಿದ್ನಿರಿ. ಅವು ಚೀಲದ ತಳದಾಗಿದ್ವು."

"ನಂದೂ ಡಬ್ಬಿ ತಳದ್ದು." ಆಗ ಎದ್ದು ಕೂತರು. ನನ್ನ ಮುಖವನ್ನು ನೋಡಿದರು. "ಮುದಕಿ ಮನಸ್ಸಿಗೆ ಹತ್ತೈತಿ ಅಂತ ತಪ್ಪ ನಿನ್ನ ಮೈಮ್ಯಾಲ ಎಳಕೊಳ್ಳಾಕತ್ತಿ. ಶಾಣ್ಯಾ ಅದಿ ನೀನು."

"ಖರೇನ ಹೇಳಾಕತ್ತೀನ್ರಿ!"

"ಇಂಥಾ ಸುಳ್ಳ ಹೇಳೂದೂ ನಿಮ್ಮ ಸಂಜಿ ಸಾಲ್ಯಾಗ ಕಲಿಸ್ತಾರೇನ?"

ನಾನು ಓಡಿಹೋಗಿ ನೋಟ್‌ಬುಕ್ ತಂದೆ. ಭಾನುವಾರದ ತಾರೀಖಿನ ಎದುರು 'ಎರಡು ಮಗ್ಗು ಹೆಚ್ಚಿಗೆ ಕಟ್ಟಿದೆ' ಎಂದು ಬರೆದದ್ದನ್ನು ಬೆರಳಿಟ್ಟು ಓದಿ ಹೇಳಿದೆ. ಅತ್ತೆಗೆ ಓದು ಬರುವುದಿಲ್ಲ. ಅವರು ಪುಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇದನ್ನ ಬರದಾಕೀನೂ ನೀನ, ಓದಾಕೀನೂ ನೀನ," ಅಂದರು.

ಜನ ತಪ್ಪು ಮಾಡಿಲ್ಲವೆಂದು ಸಾಬೀತು ಮಾಡಲು ಒದ್ದಾಡುತ್ತಾರೆ. ನಾನು ಮಾಡಿದ್ದೇನೆಂದು ಹೇಳಿದರೂ ನಂಬುವವರಿರಲಿಲ್ಲ. ಶುಕ್ರವಾರದವರೆಗೆ ಎಷ್ಟು ರೀತಿಯಲ್ಲಿ ಹೇಳಿದರೂ ಅತ್ತೆ, "ಆತು ಬಿಡು, ನಿಂದ ತಪ್ಪು, ಈಗ ರೊಟ್ಟಿ ಬಡಿ ಹೋಗು," ಎನ್ನುತ್ತಿದ್ದರು. ಮಕ್ಕಳನ್ನು ಸಮಾಧಾನ ಮಾಡುವಾಗ ಹಾಗೆ ಮಾತಾಡುತ್ತಾರೆ.

ಶುಕ್ರವಾರ ನಸುಕಿನಲ್ಲಿ ಅವರ ಜೊತೆ ನಾನೂ ಬರಿಗಾಲಲ್ಲಿ ಹೊರಟೆ. ಥಂಡಿಗೆ ಮಣ್ಣು ಕಬ್ಬಿಣದ ಹಾಗಿತ್ತು. ಒಂದು ಹರದಾರಿಯೊಳಗೆ ಐದು ಕಡೆ ಕೂತೆವು. ನಮ್ಮ ಮನೆಯವರು ಮೋಟರ್‌ಸೈಕಲ್ ತೆಗೆದುಕೊಂಡು ನಿಧಾನವಾಗಿ ಹಿಂದೆ ಬರುತ್ತಿದ್ದರು. ಅತ್ತೆ ಕಲ್ಲು ಎತ್ತಿ ತೋರಿಸಿ ಅವರನ್ನು ವಾಪಸು ಕಳಿಸಿದರು. ಎಡಗಾಲಿನ ಮೊಣಕಾಲು ಬಾತು ಸೀರೆಯ ಮೇಲಿಂದಲೂ ಕಾಣುತ್ತಿತ್ತು. ನಾನು ಮತ್ತೆ ಶುರುಮಾಡಿದೆ.

"ಅತ್ತಿ, ನಾ ಮಾಡಿದ್ದಕ್ಕ ನೀವ ಯಾಕ ನಡೀತೀರಿ?"

"ನಾ ಮಾಡಿದ್ದಕ್ಕ ನೀ ಯಾಕ ನಡ್ಯಾಕತ್ತಿ?"

ನಾನು ಅವರ ತೋಳಿಗೆ ಕೈ ಕೊಟ್ಟು ನಡೆದೆ.

ಗುಡಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಡಿಯವನು ಒಂದು ಕಾಯಿ, ಕುಂಕುಮ, ಊದಿನಕಡ್ಡಿ ಕಟ್ಟಿ ಕೊಟ್ಟ. ಅತ್ತೆ ಕಾಯಿಯನ್ನು ಕೈಯಲ್ಲಿ ತೂಗಿ ನೋಡಿ, ನನ್ನ ಕಡೆ ತಿರುಗಿದರು. ನನ್ನ ಒಡೆದ ಹಿಮ್ಮಡಿಯಿಂದ ರಕ್ತ ಬಂದಿತ್ತು. ಅದನ್ನು ಅವರು ನೋಡಿದರು.

"ಎರಡ ಕೊಡಪಾ," ಅಂದರು. ಒಂದನ್ನು ನನ್ನ ಕೈಗಿಟ್ಟರು. "ನಿಂದು ನಿನಗ, ನಂದು ನನಗ. ಮನೀಗೆ ಹೋದ ಮ್ಯಾಲ ವಾದ ಮಾಡಬ್ಯಾಡ."

ಇಬ್ಬರೂ ಬೇರೆ ಬೇರೆ ಒಡೆಸಿದೆವು. ಬರುವಾಗ ಅವರು ಬಸ್ಸು ಹತ್ತಿದರು, ಬೇಡ ಅನ್ನಲಿಲ್ಲ. ಕಿಟಕಿಗೆ ತಲೆಯಾನಿಸಿ ಊರು ಬರುವವರೆಗೆ ನಿದ್ದೆ ಮಾಡಿದರು. ನಾಲ್ಕು ದಿನದಲ್ಲಿ ಅವರು ಮಲಗಿದ್ದನ್ನು ಕಂಡಿದ್ದೆ, ನಿದ್ದೆ ಮಾಡಿದ್ದನ್ನು ಕಂಡಿರಲಿಲ್ಲ.

ಅವರು ನನ್ನ ಮಾತನ್ನು ನಂಬಿ ಎರಡನೆಯ ಕಾಯಿ ಕೊಡಿಸಿದರೋ, ನನ್ನ ಬಾಯಿ ಮುಚ್ಚಿಸಲು ಕೊಡಿಸಿದರೋ, ಕೇಳುವ ಹಾಗಿಲ್ಲ. ಗುಬ್ಬಿಗಳು ನುಚ್ಚಿನಿಂದ ಸತ್ತವೋ, ಮಗ್ಗಿನಿಂದ ಸತ್ತವೋ, ಅಕ್ಕುತಾಯಿ ಕಾಕೂನ ಹೂಕೋಸಿನಿಂದ ಸತ್ತವೋ, ನಾವು ಯಾರೂ ನೆನೆಸದ ಬೇರೆ ಯಾವುದರಿಂದಲೋ, ನನಗೆ ಖಾತ್ರಿಯಾಗಿ ಗೊತ್ತಿಲ್ಲ.