ಪಟ್ಟಿಯ ತಳದ ಹೆಸರು

ಟಿಂಗ್.

ದೇವರ ಮನೆಯ ಕಿರುಗಂಟೆಗೆ ಬೆರಳು ತಗುಲಿದಷ್ಟೇ ಸದ್ದು. ಅನುರಾಧಾ ಎದ್ದು ಕೂತಳು. ರಾತ್ರಿ ಹನ್ನೊಂದೂ ಮುಕ್ಕಾಲು. ತಾನು ಕೆಲಸ ಮಾಡುವ ಕೋಠಿಯ ಸಗಟು ಔಷಧಿ ಅಂಗಡಿಗೆ ಆರ್ಡರ್ ಬಂದಾಗಲೆಲ್ಲ ತನ್ನ ಫೋನು ಹೀಗೆ ಸದ್ದು ಮಾಡಲಿ ಎಂದು ಏರ್ಪಾಡು ಮಾಡಿಕೊಂಡವಳು ಅವಳೇ. ಆದರೆ ಈ ಹೊತ್ತಿನಲ್ಲಿ ಔಷಧಿ ತರಿಸುವವರು ಯಾರು?

ಲಿಂಗಂಪಲ್ಲಿಯ ಒಂದು ಪುಟ್ಟ ಅಂಗಡಿ, ಹನ್ನೆರಡು ಡಬ್ಬಿ. ಬರೆಸಿದವರು ಹಳೆಯ ಸೇಲ್ಸ್‌ಮನ್ ಅಮೃತಪ್ಪ. ನಿನ್ನೆ, ಮೊನ್ನೆಯೂ ಹೀಗೇ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ, ಮಾಲು ಕಟ್ಟುವ ಮುಂಚೆ, ರದ್ದಾಗಿತ್ತು.

ಅವಳಿಗೆ ನಿದ್ದೆ ಹಾರಿತು. ನಾಳೆ ತಿಂಗಳ ಕೊನೆ.

ಅಂಗಡಿಯ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ಅವಳ ಕೆಲಸ. ಮೊದಲು ಬಣ್ಣಬಣ್ಣದ ಚಕ್ರ, ಗೆರೆ ಎಲ್ಲ ಬರೆದಿದ್ದಳು. ಒಬ್ಬರೂ ನೋಡಲಿಲ್ಲ. “ರಂಗೋಲಿ ಛಂದ ಐತವ್ವಾ. ಇದನ್ನ ನೋಡಿ ನಾವು ಮಾಡೂದೇನು?” ಎಂದಿದ್ದರು ಮಾಲೀಕ ಶಿವಪ್ರಕಾಶ. ಹಟಕ್ಕೆ ಬಿದ್ದು ಎಲ್ಲ ಅಳಿಸಿ, ಐದು ಜನ ಸೇಲ್ಸ್‌ಮನ್‌ಗಳ ಹೆಸರನ್ನು ಅವರವರು ತಂದ ಆರ್ಡರ್ ಪ್ರಕಾರ ಮೇಲೆ ಕೆಳಗೆ ಮಾಡುತ್ತ ಗಲ್ಲಾದ ಪಕ್ಕದ ಟೀವಿಗೆ ಹಾಕಿದಳು. ವಾರದೊಳಗೆ ದಿನಾ ಒಂಬತ್ತಕ್ಕೆ ಎಲ್ಲರೂ ಚಹಾ ಹಿಡಿದು ಅದರ ಮುಂದೆ! ಆಗ ಶಿವಪ್ರಕಾಶ ಇನ್ನೊಂದು ಮಾತು ಸೇರಿಸಿದರು: ತಿಂಗಳ ಕೊನೆಗೆ ತಳದಲ್ಲಿರುವವನು ಕೆಲಸ ಬಿಡಬೇಕು. ಅನುರಾಧಾ ಬೇಡವೆನ್ನಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಅಂಗಡಿಯಲ್ಲಿ ಅಮೃತಪ್ಪ ಒಬ್ಬರೇ ಇದ್ದರು.

“ಕಾಕಾ, ರಾತ್ರಿ ಹನ್ನೆರಡು ಡಬ್ಬಿ ಯಾರಿಗ್ರಿ?”

ಅವರು ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆದರು, ಮತ್ತೆ ಎಳೆದರು. “ಸಿಕ್ಕೊಂಡೆ ನೋಡವ್ವಾ. ಒಂಬತ್ತಕ್ಕ ಹೆಸರು ತಳದಾಗ ಕಾಣಬಾರ್ದಂತ ಸುಳ್ಳ ಬರಸಿ, ಹತ್ತಕ್ಕ ತಗೀತಿದ್ದೆ. ಮೂವತ್ತು ವರ್ಷದಾಗ ಯಾರೂ ತಗೀಲಾರದ ಮರ್ಯಾದಿ ನಿನ್ ಟೀವಿ ತಗೀತು. ಚಹಾದಂವನೂ ಕೇಳ್ತಾನ, ಇವತ್ತೂ ತಳದಾಗೇನು ಚಾಚಾ ಅಂತ.”

“ಖರೇ ಆರ್ಡರ್ ಯಾಕ ಬರೂದಿಲ್ರಿ?”

“ಬರೂದಿಲ್ಲಂತ ಯಾರಂದ್ರು? ದಿನಾ ನಲವತ್ತು ಅಂಗಡಿ ತಿರಗ್ತೀನಿ. ಕಟ್ಟಡ ಕೆಲಸದ ಮಂದಿ ಇರೂ ಕಡೆ ಅವು. ಜ್ವರ ಬಂದ್ರ ನಾಕು ಗುಳಿಗಿ ಒಯ್ತಾರ. ಅಂಗಡಿಯವ್ರು ಮೂರು ಸ್ಟ್ರಿಪ್, ಐದು ಸ್ಟ್ರಿಪ್ ಅಂತಾರ. ಡಬ್ಬಿ ಇಟ್ಕೊಂಡು ಏನ್ ಪೂಜಿ ಮಾಡ್ತಾರೇನು?”

ಅನುರಾಧಾ ಪಟ್ಟಿಯ ನಿಯಮವನ್ನು ತೆರೆದು ನೋಡಿದಳು. ಅಂಕಿ ಕಣ್ಣಿಗೆ ಚೊಕ್ಕ ಕಾಣಲೆಂದು ಡಬ್ಬಿಗಳನ್ನಷ್ಟೇ ಎಣಿಸಿದ್ದಳು. ಡಬ್ಬಿ ತುಂಬದ್ದೆಲ್ಲ ಸೊನ್ನೆ. ಈ ಮನುಷ್ಯನ ತಿಂಗಳ ತಿರುಗಾಟವನ್ನು ಸೊನ್ನೆ ಮಾಡಿದ್ದು ಅವಳದೇ ಒಂದು ಸಾಲಿನ ನಿಯಮ.

“ಮೊದ್ಲ ಆ ಹನ್ನೆರಡು ಡಬ್ಬಿ ರದ್ದು ಮಾಡ್ರಿ, ಕಾಕಾ. ಹಿಂದಿನವೂ ಉಳದಿದ್ರ ತಗೀರಿ.”

ಡಬ್ಬಿಯ ಬದಲು ಸ್ಟ್ರಿಪ್ ಎಣಿಸುವಂತೆ ನಿಯಮ ಬದಲಿಸಿದಳು. ಅಮೃತಪ್ಪನ ಹೆಸರು ತಳದಿಂದ ಎದ್ದು ಎರಡನೆಯ ಸಾಲಿಗೆ ಬಂತು. ಉಸಿರು ಬಿಡುವಷ್ಟರಲ್ಲಿ ತಳಕ್ಕೆ ಇನ್ನೊಂದು ಹೆಸರು ಜಾರಿತು: ಶಾಂತಕುಮಾರ. ಹೋದ ತಿಂಗಳಷ್ಟೇ ಅವನು ಮಗಳ ನಾಮಕರಣದ ಪೇಡೆ ಹಂಚಿದ್ದ.

ಒಂಬತ್ತಕ್ಕೆ ಇನ್ನು ಹತ್ತೇ ನಿಮಿಷ. ಅವಳು ಹೆಸರುಗಳನ್ನೇ ತೆಗೆದುಹಾಕಿದಳು. ಆ ಜಾಗದಲ್ಲಿ, ವಾರವಾರ ಆರ್ಡರ್ ಕೊಟ್ಟು ಈ ವಾರ ಸುಮ್ಮನಾದ ಒಂಬತ್ತು ಅಂಗಡಿಗಳು. ಒಂದೊಂದರ ಮುಂದೆ ಫೋನ್ ನಂಬರು, ಕೊನೆಯ ಸಲ ಒಯ್ದ ಔಷಧಿ.

ಶಿವಪ್ರಕಾಶ ಬಂದವರೇ ಹುಬ್ಬೇರಿಸಿದರು. “ಹೆಸರೆಲ್ಲಿ ಹೋದ್ವು?”

“ಹೆಸರು ನೋಡಿ ಮಂದಿ ನಗ್ತಿದ್ರು, ಅಷ್ಟ ರೀ. ಇದನ್ನ ನೋಡಿದ್ರ ಮಾಡ್ಲಿಕ್ಕೆ ಕೆಲಸ ಐತಿ.”

ಆಗಲೇ ಶಾಂತಕುಮಾರ ಟೀವಿ ನೋಡುತ್ತ ಒಂದು ನಂಬರು ಒತ್ತುತ್ತಿದ್ದ. ಅತ್ತಲಿಂದ ಆರ್ಡರ್ ಬಂದೂ ಬಿಟ್ಟಿತು. ಮಾಲೀಕರ ಮುಖ ಸಡಿಲವಾಯಿತು.

“ಮತ್ತ ತಳದಾಗ ಯಾರಿದ್ರು?”

ಅಮೃತಪ್ಪ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದರು.

“ಅಳತಿ ಬದಲಾಗೇತ್ರಿ,” ಎಂದಳು ಅನುರಾಧಾ. “ ಈ ತಿಂಗಳ ಪಟ್ಟಿ ಹಿಡಿದು ಯಾರನ್ನೂ ಕಳಸ್ಲಿಕ್ಕೆ ಬರೂದಿಲ್ಲ.” ಹೇಳಿದಷ್ಟೂ ನಿಜವೇ ಆಗಿತ್ತು.

“ಹಂಗಾರ ಮುಂದ ನೋಡೂಣು” ಎಂದು ಅವರು ಗಲ್ಲಾದತ್ತ ಹೋದರು.

ಟಿಂಗ್. ಲಿಂಗಂಪಲ್ಲಿ, ಮೂರು ಸ್ಟ್ರಿಪ್. ಅನುರಾಧಾ ಫೋನನ್ನು ಬೋರಲು ಹಾಕಿದಳು. ಕಾಕಾನ ರಾತ್ರಿಯ ಸುಳ್ಳು ಡಬ್ಬಿಗಳ ವಿಷಯ ಹೇಳಿದರೆ ತಾನು ಹಾಕಿದ ಸೊನ್ನೆಗಳ ವಿಷಯವನ್ನೂ ಹೇಳಬೇಕು. ಈ ಮೌನದಲ್ಲಿ ಅವರನ್ನು ಕಾಪಾಡುವುದೆಷ್ಟು, ತನ್ನನ್ನು ಕಾಪಾಡಿಕೊಳ್ಳುವುದೆಷ್ಟು? ಅದನ್ನು ಅಳೆಯಲು ಅವಳಿಗೆ ಧೈರ್ಯವಾಗಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.