ಹೊಸಿಲ ಮೇಲಿನ ಬಜರ್

ಅತ್ತೆ ಪಿಚ್ಚೈಯಮ್ಮಾಳ್ ಮಂಚದ ಮೇಲಿರಲಿಲ್ಲ.

ಕಲೈಸೆಲ್ವಿ ಮಿಕ್ಸಿ ಆರಿಸಿ ಕಿವಿಗೊಟ್ಟಳು. ಸದ್ದಿಲ್ಲ. ಸದ್ದಿಲ್ಲವೆಂದರೆ ಅತ್ತೆ ಮನೆಯೊಳಗೇ ಇದ್ದಾಳೆ ಎಂದರ್ಥ. ಆ ಏರ್ಪಾಟು ಮಾಡಿದವಳು ಕಲೈಸೆಲ್ವಿಯೇ. ಮುದುಕಿಗೆ ಮರೆವು ಕವಿದು ವರ್ಷದ ಮೇಲಾಗಿತ್ತು. ಮಗ ಜೆಯಕುಮಾರನನ್ನು ತಮ್ಮನೆಂದು ಕರೆಯುತ್ತಿದ್ದಳು, ಸೊಸೆಯನ್ನು ಏನೆಂದೂ ಕರೆಯುತ್ತಿರಲಿಲ್ಲ. ಕಣ್ಣು ತಪ್ಪಿಸಿ ಹೊರಗೆ ನಡೆದುಬಿಡುತ್ತಿದ್ದಳು. ಬೀದಿ ಮುಗಿದಲ್ಲೇ ಕಾಲುವೆ. ಮೊದಲ ಬೆಳೆಗೆ ನೀರು ಬಿಟ್ಟಿದ್ದಾರೆ, ದಂಡೆ ಮುಟ್ಟಿ ಹರಿಯುತ್ತಿದೆ.

ಬಾಗಿಲಿಗೆ ಬೀಗ ಹಾಕಿದರೆ ಮುದುಕಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಮದುವೆಗೆ ಮುಂಚೆ ದಿಂಡಿಗಲ್ಲಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಲೈ ಅದಕ್ಕೇ ತಲೆ ಓಡಿಸಿದ್ದಳು. ಬಿರಿಯಾನಿ ಪೊಟ್ಟಣದ ಬೆಳ್ಳಿ ಹಾಳೆಯನ್ನು ಎರಡು ರಟ್ಟಿನ ಪಟ್ಟಿಗಳಿಗೆ ಅಂಟಿಸಿ, ಪಾತ್ರೆ ತೊಳೆಯುವ ಸ್ಪಂಜಿಗೆ ತೂತು ಕೊರೆದು ನಡುವೆ ಇಟ್ಟಳು. ಕಾಲಿಟ್ಟರೆ ಹಾಳೆಗೆ ಹಾಳೆ ತಗಲುತ್ತದೆ, ಬ್ಯಾಟರಿಯ ಕರೆಂಟು ಹರಿದು, ಕೆಟ್ಟ ಆಟದ ಕಾರಿನಿಂದ ಕಿತ್ತ ಬಜರ್ ಕಿರುಚುತ್ತದೆ. ಪಟ್ಟಿಯನ್ನು ಹೊಸಿಲ ಮೇಲಿಟ್ಟು, ಅನುಮಾನ ಬಾರದಿರಲೆಂದು ಕೋಲದ, ಅಂದರೆ ರಂಗೋಲಿಯ, ಸ್ಟಿಕ್ಕರ್ ಅಂಟಿಸಿದಳು. ಹೊಸಿಲು ದಾಟದೆ ಯಾರು ತಾನೇ ಹೊರಗೆ ಹೋಗುತ್ತಾರೆ? ಅಂಗೈಯಿಂದ ಒತ್ತಿ ನೋಡಿದಳು, ಬೀದಿಗೇ ಕೇಳಿಸಿತು. ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಈಗ ಬಚ್ಚಲಲ್ಲಿ ನೋಡಿದಳು, ಮಂಚದ ಕೆಳಗೆ ನೋಡಿದಳು. ಹಿತ್ತಲ ಬಾಗಿಲ ಚಿಲಕ ಹಾಕಿದ ಹಾಗೇ ಇತ್ತು. ಹೊಸಿಲ ಬಳಿ ಕೂತು ಕೋಲವನ್ನು ಒತ್ತಿದಳು. ಬಜರ್ ಕಿರುಚಿತು. ಕೆಟ್ಟಿಲ್ಲ. ಹಾಗಾದರೆ ಮುದುಕಿ ಎಲ್ಲಿ?

ಸದ್ದು ಕೇಳಿ ಎದುರುಮನೆಯ ತಮಿಳರಸಿ ಹೊರಗೆ ಬಂದಳು.

"ಅಜ್ಜಿ ಆವಾಗ್ಲೇ ಕಾಲ್ವೆ ಕಡೆ ಓಯ್ತಲ್ಲಕ್ಕಾ. ದನಕ್ಕೆ ನೀರು ಕುಡಿಸ್ಬೇಕು ಅಂತು. ನಿಂಗೆ ಗೊತ್ತು ಅಂತ ಸುಮ್ಕಿದ್ದೆ."

ಮನೆಯಲ್ಲಿ ದನವಿದ್ದದ್ದು ಯಾವ ಕಾಲದಲ್ಲೋ. ಕಲೈ ಒಂದೇ ನೆಗೆತಕ್ಕೆ ಹೊರಬಿದ್ದಳು. ಬಜರ್ ಕೂಗಲಿಲ್ಲ.

ಅವಳಿಗೆ ಆಗ ಹೊಳೆಯಿತು. ತಾನೂ ತುಳಿದಿರಲಿಲ್ಲ. ಹೊಸಿಲೆಂದರೆ ಲಕ್ಷ್ಮಿ ಕೂರುವ ಜಾಗ; ನಮ್ಮವರ ಮನೆಯಲ್ಲಿ ಹುಟ್ಟಿದ ಕೂಸು ನಡೆಯಲು ಕಲಿತಾಗಿನಿಂದ ಅದನ್ನು ದಾಟುತ್ತದೆಯೇ ಹೊರತು ತುಳಿಯುವುದಿಲ್ಲ. ಮೇಲೆ ಕೋಲ ಬೇರೆ. ಊರಲ್ಲಿ ಯಾರೂ ಕಾಲಿಡದ ಜಾಗ ಹುಡುಕಿ ಅಲ್ಲಿ ಕಾವಲು ಕೂರಿಸಿದ್ದಳು ಮಹಾರಾಯ್ತಿ. ಮುದುಕಿ ಹೆಸರು, ಮುಖ ಎಲ್ಲ ಮರೆತರೂ ಅವಳ ಕಾಲು ಮರೆತಿರಲಿಲ್ಲ.

ಬಾಳೆ ತೋಟದ ಬದುವಿನಲ್ಲಿ ಎದ್ದುಬಿದ್ದು ಓಡಿದಳು. ಗಂಡ ಬಾಳೆಗೊನೆ ಹಾಕಿಕೊಂಡು ತೇನಿಯ ಮಾರುಕಟ್ಟೆಗೆ ಹೋಗಿದ್ದ. ಅವನಿಗೆ ಏನೆಂದು ಹೇಳುವುದು? ದೇವರೇ, ಸೀರೆ ಕಾಣಲಿ ಎಂದುಕೊಂಡಳು. ಮರುಕ್ಷಣವೇ, ನೀರಲ್ಲಿ ಬರೀ ಸೀರೆ ಮಾತ್ರ ಕಾಣದಿರಲಿ ಎಂದುಕೊಂಡಳು.

ಬಟ್ಟೆ ಒಗೆಯುವ ಕೊನೆಯ ಮೆಟ್ಟಿಲಲ್ಲಿ ಮುದುಕಿ ನಿಂತಿದ್ದಳು. ಕೆಂಪು ನೀರು ಮೊಣಕಾಲು ದಾಟಿತ್ತು, ಸೆರಗನ್ನು ಸೆಳೆತ ಎಳೆಯುತ್ತಿತ್ತು. ಇಲ್ಲದ ಹಗ್ಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಕೂಗಿದರೆ ಬೆಚ್ಚಿ ಜಾರುತ್ತಾಳೆ. ಕಲೈ ಉಸಿರು ಬಿಗಿಹಿಡಿದು ಒಂದೊಂದೇ ಮೆಟ್ಟಿಲಿಳಿದಳು.

"ಸಾಕು ಅತ್ತೆ, ದನ ಕುಡಿದ್ಬುಡ್ತು. ಮನೆಗೋಗಮ, ಬನ್ನಿ."

"ಕುಡೀತಾ?"

"ಒಟ್ಟೆ ತುಂಬ ಕುಡೀತು."

ಮುದುಕಿ ಮುಷ್ಟಿ ಸಡಿಲಿಸಿದಳು. ಆ ಕೈಯನ್ನು ಹಿಡಿದ ಕಲೈ ಮನೆವರೆಗೂ ಬಿಡಲಿಲ್ಲ. ದಾರಿಯುದ್ದಕ್ಕೂ ಮುದುಕಿ ಅವಳ ಮುಖವನ್ನು ಗುರುತಿಲ್ಲದವಳ ಮುಖವೆಂಬಂತೆ ನೋಡುತ್ತಿದ್ದಳು.

ಬಾಗಿಲಲ್ಲಿ ಮುದುಕಿ ಒದ್ದೆ ಸೀರೆ ಎತ್ತಿ, ಕಾಲನ್ನೂ ಎತ್ತಿ, ಹೊಸಿಲನ್ನು ಜೋಪಾನವಾಗಿ ದಾಟಿದಳು. ಕಲೈ ಅವಳನ್ನೇ ನೋಡುತ್ತ ಹಿಂದೆ ಬಂದಳು. ಎಡವಿದಳು. ಪಾದ ಸೀದಾ ಕೋಲದ ಮೇಲೆ ಬಿತ್ತು, ಬಜರ್ ಅರಚಿಕೊಂಡಿತು.

ಮುದುಕಿ ತಿರುಗಿದಳು.

"ಕಲೈ, ಒಸ್ಲು ತುಳೀತಾರಾ? ಈ ಮನೆಗೆ ಬಂದ್ ದಿನಾನೇ ಯೋಳಿದ್ನಲ್ಲ."

ಕಲೈ ಕಾಲು ತೆಗೆಯಲಿಲ್ಲ. ಇನ್ನೊಂದು ಸಲ ಹೆಸರು ಹಿಡಿದು ಬೈಯಲಿ ಎಂದು, ಅಳುತ್ತ, ತುಳಿದೇ ನಿಂತಳು.