ಸರ್ವರ್ ಮೇಲೆ ಒಡೆದ ತೆಂಗಿನಕಾಯಿ

ಆಯುಧಪೂಜೆ ಬಂತೆಂದರೆ ಮ್ಯಾನೇಜರ್ ಮುರುಗೇಶನ ಕೈಗೆ ತೆಂಗಿನಕಾಯಿಯ ಹುಚ್ಚು ಹಿಡಿಯುತ್ತಿತ್ತು. ಸಂಡೂರು ರಸ್ತೆಯ ಆ ಅದಿರು ಯಾರ್ಡಿನಲ್ಲಿ ಕಬ್ಬಿಣವೆಂದು ಕಂಡದ್ದಕ್ಕೆಲ್ಲ ಒಂದೊಂದು ಕಾಯಿ. ಎಲ್ಲರ ಹಾಗೆ ಕಲ್ಲಿನ ಮೇಲೆ ಒಡೆದರೆ ಅವನಿಗೆ ಸಮಾಧಾನವಿಲ್ಲ, ಯಂತ್ರದ ಮೈಮೇಲೇ ಬೀಳಬೇಕು ಏಟು. ಲೋಡರಿನ ಬಕೆಟ್ಟಿಗೆ ಒಂದು, ಕ್ರಶರಿನ ದವಡೆಗೆ ಒಂದು, ಜನರೇಟರಿನ ನೆತ್ತಿಗೆ ಒಂದು. “ಕಾಯಿ ಮಷೀನಿಗೆ ತಾಗಿದ್ರನ ಶಕ್ತಿ ಒಳಗ ಇಳಿತೈತಿ” ಎಂಬುದು ಅವನ ಶಾಸ್ತ್ರ. ಬರೆದವನೂ ಅವನೇ, ಓದಿದವನೂ ಅವನೇ.

ಈ ವರ್ಷ ಆ ಶಾಸ್ತ್ರ ಸರ್ವರ್ ರೂಮಿನ ಬಾಗಿಲಿಗೆ ಬಂದು ನಿಂತಿತ್ತು. ಬಾಗಿಲಿಗೆ ಅಡ್ಡ ನಿಂತವನು ತಿಪ್ಪೇಶ್.

ಮಲಪನಗುಡಿಯ ತಿಪ್ಪೇಶ್ ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತುಕೊಂಡು, ಅದನ್ನು ಮುರಿದು, ಸ್ಕೂಲಿನ ಕಾಂಪೌಂಡ್ ಹಾರಿದವನು. ತಿರುಗಿ ಹೋಗಿರಲಿಲ್ಲ. ಕ್ಯಾಮೆರಾಕ್ಕೆ ವೈರ್ ಎಳೆಯುತ್ತ ಎಳೆಯುತ್ತ, ಇಪ್ಪತ್ಮೂರರ ವಯಸ್ಸಿಗೆ ಈ ಯಾರ್ಡಿನ ಹದಿನಾಲ್ಕು ಕ್ಯಾಮೆರಾಗಳನ್ನೂ ಅವು ಕಂಡದ್ದನ್ನೆಲ್ಲ ಕೂಡಿಡುವ ಸರ್ವರನ್ನೂ ನೋಡಿಕೊಳ್ಳುವವನಾಗಿದ್ದ. ಯಾವುದೋ ಗಣಿ ಆಫೀಸು ಮುಚ್ಚಿದಾಗ ಗುಜರಿಯವನಿಂದ ಬಿಡಿಸಿ ತಂದ ಕಬ್ಬಿಣದ ಕಪಾಟು ಅದು. ವಯಸ್ಸು ಹನ್ನೊಂದು, ಅಂದರೆ ಸರ್ವರುಗಳ ಲೆಕ್ಕದಲ್ಲಿ ಮರಿಮಕ್ಕಳನ್ನು ಕಂಡ ಮುದುಕ. ಹೊಟ್ಟೆಯಲ್ಲಿ ಆರು ಡಿಸ್ಕು. ಒಂದು ಸತ್ತರೆ ಉಳಿದ ಐದು ಹೆಗಲು ಕೊಟ್ಟು ನಡೆಸುತ್ತವೆ. ಎರಡು ಸತ್ತರೆ ಎಲ್ಲ ಮಣ್ಣು.

“ಸರ, ಇದಕ್ಕ ಕಾಯಿ ಬ್ಯಾಡ್ರಿ. ಒಳಗ ಡಿಸ್ಕು ತಿರುಗಾಕ ಹತ್ಯಾವ. ಹೋದ ವರ್ಷದಂಗ ವಿಭೂತಿ ಹಚ್ಚಿ ಬಿಡ್ರಿ.”

“ಲೋಡರಿಗೆ ಕಾಯಿ ಒಡದೀನಿ. ಲೋಡರ್ ಸತ್ತೈತೇನಲೇ?”

“ಲೋಡರಿಗೂ ಇದಕ್ಕೂ...”

“ಒಂಬತ್ತನೇತ್ತ ಪಾಸಾಗದವ ನನಗ ಮಷೀನ್ ಕಲಿಸ್ತಿ. ಸರಿ ಆಕಡೆ!”

ತಿಪ್ಪೇಶನ ಕಿವಿ ಕೆಂಪಗಾದವು. ಆದರೆ ಅವನು ಅಡ್ಡ ನಿಂತದ್ದು ಡಿಸ್ಕಿನ ಮೇಲಿನ ಪ್ರೀತಿಯಿಂದಲ್ಲ, ಲೋಡರ್ ಡ್ರೈವರ್ ಉಜ್ಜಿನಪ್ಪನಿಗಾಗಿ.

ಇಪ್ಪತ್ತು ದಿನದ ಹಿಂದೆ ಲೋಡರು ಹಿಂದಕ್ಕೆ ನುಗ್ಗಿ, ಲಾರಿ ತೂಗುವ ವೇಬ್ರಿಜ್ಜಿನ ಕ್ಯಾಬಿನ್ನಿನ ಗೋಡೆ ಕೆಡವಿತ್ತು. ಉಜ್ಜಿನಪ್ಪ ಕುಡಿದು ಓಡಿಸಿದ ಎಂದು ಮುರುಗೇಶ್ ರಿಪೋರ್ಟ್ ಬರೆದು ಅವನನ್ನು ಗೇಟಿನ ಹೊರಗೆ ಕೂರಿಸಿದ. ಚೋರನೂರಿನ ಉಜ್ಜಿನಪ್ಪ ಹನ್ನೊಂದು ವರ್ಷದಿಂದ ಆ ಸೀಟಿನಲ್ಲಿ ಕೂತವನು, ಹೆಂಡ ಇರಲಿ, ಸೋಡಾ ಕುಡಿದರೂ ತೇಗಿಗೆ ನಾಚುವವನು. ಅವತ್ತು ಅವನನ್ನು ಚಹಾ ತರಲು ಓಡಿಸಿ ಲೋಡರ್ ಹತ್ತಿದವನು ಮುರುಗೇಶನೇ. ಕರಿ ಕನ್ನಡಕ ಹಾಕಿಕೊಂಡು ರೀಲ್ಸ್ ಮಾಡಲಿಕ್ಕೆ! ನಾಲ್ಕನೇ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು. “ಅದನ್ನ ಅಳಿಸಿ ಹಾಕಲೇ” ಎಂದು ಮುರುಗೇಶ್ ಹೇಳಿದ. “ಅಳಿಸಿದೆ ಸರ” ಎಂದು ತಿಪ್ಪೇಶ್ ಹೇಳಿದ. ಅಳಿಸಿರಲಿಲ್ಲ.

ಯಾರ್ಡಿನ ಮಾಲೀಕ ಸಾಹುಕಾರರ ಹೊಸಪೇಟೆ ಆಫೀಸಿನಿಂದ ಸೌಜನ್ಯ ಮೇಡಂ ಇವತ್ತು ವಿಚಾರಣೆಗೆ ಬರುವವರಿದ್ದರು. ಅದಕ್ಕೇ ಉಜ್ಜಿನಪ್ಪ ಬೆಳಿಗ್ಗೆಯಿಂದ ಒಗೆದ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದ. “ಸರ್ವರಿನ್ಯಾಗ ಐತಿ ಕಾಕಾ, ದೇವರ ಬಂದ್ರೂ ಅಳಿಸಾಕ ಆಗಂಗಿಲ್ಲ” ಎಂದು ತಿಪ್ಪೇಶ್ ಅವನಿಗೆ ಇಪ್ಪತ್ತು ದಿನದಲ್ಲಿ ಇಪ್ಪತ್ತು ಸಲ ಹೇಳಿದ್ದ. ಮೊಬೈಲಿಗೆ ಒಂದು ಕಾಪಿ ಹಾಕಿಕೊಳ್ಳಲು ಎರಡು ನಿಮಿಷ ಸಾಕಿತ್ತು. ಹಾಕಿಕೊಂಡಿರಲಿಲ್ಲ. ಸೊಕ್ಕು!

ದೇವರು ಬರಲಿಲ್ಲ, ಮುರುಗೇಶ್ ಬಂದ. ತಿಪ್ಪೇಶನನ್ನು ಭುಜದಿಂದ ಸರಿಸಿ, ಊದುಬತ್ತಿ ತಿರುವಿ, ಕಾಯಿ ಎತ್ತಿ, ಕಪಾಟಿನ ಮೂಲೆಗೆ ಧಡ್ ಎಂದು ಹೊಡೆದ. ಕಾಯಿ ಒಡೆಯಲಿಲ್ಲ. ಒಡೆಯದಿದ್ದರೆ ಅಪಶಕುನ ನೋಡಿ, ಇನ್ನೊಂದು ಏಟು ಕೊಟ್ಟ. ಆಗಲೂ ಇಲ್ಲ. ಮೂರನೆಯದಕ್ಕೆ ಹಲ್ಲು ಕಚ್ಚಿ ಬಾರಿಸಿದ ಏಟಿಗೆ ಕಪಾಟು ಪೂರ್ತಿ ನಡುಗಿತು, ಕಾಯಿ ಎರಡು ಹೋಳಾಯಿತು, ನೀರು ನೆಲಕ್ಕೆ ಬಿತ್ತು. ಒಳಗಿನಿಂದ ಕರ್ರ್, ಟಕ್, ಟಕ್, ಟಕ್ ಎಂದು ಯಾರೋ ಬಾಣಲೆ ತಳ ಕೆರೆದಂತೆ ಸದ್ದು ಬಂತು. ಗೋಡೆಯ ಮೇಲಿನ ಟಿವಿಯಲ್ಲಿ ಹದಿನಾಲ್ಕು ಚೌಕಗಳೂ ಒಟ್ಟಿಗೆ ಕಪ್ಪಾದವು.

“ನೋಡು,” ಎಂದ ಮುರುಗೇಶ್ ಹೋಳುಗಳನ್ನು ಎತ್ತಿಕೊಳ್ಳುತ್ತ, “ಶಕ್ತಿ ಇಳೀತು.”

ತಿಪ್ಪೇಶ್ ಕಪಾಟಿನ ಮುಂದೆ ಮೊಣಕಾಲೂರಿದ. ಆರು ಡಿಸ್ಕಿನ ಮುಖಕ್ಕೂ ಹೋದ ವರ್ಷ ಬಳಿದ ವಿಭೂತಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಮುಂದಿನ ಆಯುಧಪೂಜೆವರೆಗೆ ಒರೆಸಬಾರದೆಂದು ಮುರುಗೇಶನ ಆಜ್ಞೆ. ಈಗ ತಿಪ್ಪೇಶ್ ಅಂಗಿಯ ತುದಿಗೆ ಎಂಜಲು ಹಚ್ಚಿ ಒರೆಸಿದ. ಮೊದಲನೇ ಡಿಸ್ಕಿನ ದೀಪ ಕೆಂಪು. ಅದು ಈಗ ಸತ್ತದ್ದು. ಒರೆಸುತ್ತ ಹೋದ. ಐದನೇ ಡಿಸ್ಕಿನ ದೀಪವೂ ಕೆಂಪು. ಅದು ತಣ್ಣಗಿತ್ತು, ತಿರುಗುತ್ತಲೇ ಇರಲಿಲ್ಲ. ಎಷ್ಟು ತಿಂಗಳಿಂದಲೋ ವಿಭೂತಿಯ ಹಿಂದೆ ಕೆಂಪು ದೀಪ ಉರಿಸಿಕೊಂಡು ಹೆಣವಾಗಿ ಕೂತಿತ್ತು.

“ಕೂಗಬೇಕಿತ್ತಲ್ಲ ಇದು! ಡಿಸ್ಕು ಸತ್ರ ಪೀಂ ಪೀಂ ಅಂತ ಕೂಗ್ತೈತಿ!”

“ಕೂಗಿತ್ತು,” ಎಂದ ಮುರುಗೇಶ್, ಕೊಬ್ಬರಿ ಅಗಿಯುತ್ತ. “ಬ್ಯಾಸಿಗ್ಯಾಗ ನೀ ನಿಮ್ಮಕ್ಕನ ಮದುವಿಗೆ ಹೋಗಿದ್ದಿ. ಮಧ್ಯಾಹ್ನ ಮಲಗಾಕ ಬಿಡವಲ್ದು. ಇಕ್ಕಳ ತಗೊಂಡು ಅದರ ವೈರ್ ಕಟ್ ಮಾಡಿದೆ.”

ತಿಪ್ಪೇಶನ ಬಾಯಲ್ಲಿ ಬಂದ ಮಾತನ್ನು ಇಲ್ಲಿ ಬರೆದರೆ ಕಾಗದ ಸುಡುತ್ತದೆ. ಮುರುಗೇಶ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಹೊರಗೆ ಕಾರಿನ ಹಾರ್ನ್ ಆಗಿತ್ತು.

ಸೌಜನ್ಯ ಮೇಡಂ ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಕೆಂಪು ಧೂಳಿನಲ್ಲಿ ಬಿಳಿ ಚಪ್ಪಲಿ ಹಾಕಿಕೊಂಡು ಬಂದಿದ್ದರು, ಅಂದರೆ ಯಾರ್ಡಿಗೆ ಇದೇ ಮೊದಲು. ಪೇಡೆ ಬ್ಯಾಡ, ಕುರ್ಚಿ ಬ್ಯಾಡ, “ವಿಡಿಯೋ ತೋರಿಸ್ರಿ” ಎಂದರು.

“ಸರ್ವರ್ ಸತ್ತೈತ್ರಿ ಮೇಡಂ. ಈಗ, ಹತ್ತು ನಿಮಿಷ ಆತು,” ಎಂದ ತಿಪ್ಪೇಶ್. “ಆದ್ರ ನಾ ನೋಡೀನಿ. ಲೋಡರ್ ಓಡಿಸಿದ್ದು ಇವರು.”

“ಸುಳ್ಳು ಬೊಗಳ್ತಾನ್ರಿ!” ಎಂದ ಮುರುಗೇಶ್. “ಆ ಲೋಡರಿನ ಸೀಟಿಗೆ ನನ್ನ ಮೈ ತಾಗಿಸಿಲ್ಲ ನಾನು.”

“ನೀವು ನೋಡಿದ್ದನ್ನ ನಾ ಬರಕೊಂಡು ಹೋಗಾಕ ಆಗಲ್ಲ,” ಎಂದರು ಮೇಡಂ ತಿಪ್ಪೇಶನಿಗೆ, ಸಿಟ್ಟಿಲ್ಲದೆ. “ತೋರಿಸೋದಿದ್ರ ತೋರಿಸ್ರಿ. ಇಲ್ಲಾಂದ್ರ ಮ್ಯಾನೇಜರ್ ರಿಪೋರ್ಟೇ ಖಾಯಂ. ಉಜ್ಜಿನಪ್ಪ ಇವತ್ತಿಗೆ ಕೆಲಸದಿಂದ ಹೊರಗ.”

ಗೇಟಿನ ಬಳಿ ಉಜ್ಜಿನಪ್ಪ ಬಿಳಿ ಅಂಗಿಯ ತೋಳನ್ನು ಸುಮ್ಮನೆ ಮಡಚಿದ, ಬಿಡಿಸಿದ. ತಿಪ್ಪೇಶ್ ಹತ್ತಿರ ಹೋದಾಗ, “ಹೋಗ್ಲಿ ಬಿಡೋ ತಮ್ಮ. ನಿಂಬಿಹಣ್ಣು ಒಂದು ತುಳಿಸಿ ಹೋಗಿದ್ರ ಚಲೋ ಇತ್ತು. ಪೂಜಿ ಅರ್ಧಕ್ಕ ನಿಲ್ಲಬಾರದು” ಎಂದ.

ಲೋಡರಿನ ಮುಂದಿನ ಎರಡು ಗಾಲಿಗಳೆದುರು ಎರಡೆರಡು ನಿಂಬೆಹಣ್ಣು ಕಾಯುತ್ತಿದ್ದವು. ಗಾಡಿ ಮುಂದೆ ಹೋಗಿ ಅವನ್ನು ಜಜ್ಜಬೇಕು, ಆಗಲೇ ಪೂಜೆ ಮುಗಿದಂತೆ. ಆದರೆ ಓಡಿಸುವವನು ಗೇಟಿನ ಹೊರಗಿದ್ದ.

ತಿಪ್ಪೇಶನ ತಲೆಯಲ್ಲಿ ಏನೂ ಯೋಜನೆ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ. ಅವನು ಯಾರ್ಡಿನ ಮಧ್ಯೆ ನಿಂತು, ಕೂಲಿಯವರಿಗೆಲ್ಲ ಕೇಳುವಂತೆ ಕೂಗಿದ.

“ಏನ್ ಸರ, ನಿಂಬಿಹಣ್ಣು ಹಂಗ ಕೊಳೀಬೇಕೇನ್ರಿ? ಒಂದು ಲೋಡರ್ ಮುಂದ ದಬ್ಬಾಕ ನಿಮ್ಮ ಕೈಲಿ ಆಗಂಗಿಲ್ಲ? ನಮ್ಮ ಕಸ ಹೊಡಿಯೋ ಸಂಗಮ್ಮನ್ನ ಹತ್ತಿಸ್ಲೇನು?”

“ಹತ್ತತೀನಿ ಬಿಡು, ಅದೇನು ವಿಮಾನ ಅಲ್ಲ!” ಎಂದಳು ಸಂಗಮ್ಮ ಪೊರಕೆ ಎತ್ತಿ. ಜನ ಕಿಸಕ್ಕೆಂದರು. ಮೇಡಂ ಕೂಡ ತಿರುಗಿ ನೋಡಿದರು.

ಮುರುಗೇಶ್ ಕರಿ ಕನ್ನಡಕ ಏರಿಸಿದ, ಪಂಚೆ ಎತ್ತಿ ಕಟ್ಟಿದ, ಲೋಡರ್ ಹತ್ತಿದ. ಎಂಜಿನ್ ಗುಡುಗಿತು. ಲೋಡರಿನ ಹಿಂದೆ ಹತ್ತು ಮಾರು ಖಾಲಿ ನೆಲ, ಅದರಾಚೆ ಯಾರೂ ಇಲ್ಲದ ಸರ್ವರ್ ರೂಮು. ಜನರೆಲ್ಲ ಮುಂದುಗಡೆ, ನಿಂಬೆಹಣ್ಣಿನ ಕಡೆ, ಮೊಬೈಲ್ ಎತ್ತಿ ನಿಂತಿದ್ದರು.

ಮುರುಗೇಶ್ ಸ್ಟೇರಿಂಗ್ ಪಕ್ಕದ ಗೇರಿನ ಕಡ್ಡಿಯನ್ನು ನೋಡಿದ. ಒಂದು ಗಳಿಗೆ ಯೋಚಿಸಿದ. ಬುದ್ಧಿವಂತನ ಹಾಗೆ ನಕ್ಕು, ಅದನ್ನು ತನ್ನ ಕಡೆಗೆ ಎಳೆದು, ಕಾಲು ಒತ್ತಿದ.

ಲೋಡರು ಹಿಂದಕ್ಕೆ ಹಾರಿತು. ಸರ್ವರ್ ರೂಮಿನ ತಗಡಿನ ಗೋಡೆ ಪೇಪರಿನ ಹಾಗೆ ಹರಿಯಿತು, ಹನ್ನೊಂದು ವರ್ಷದ ಕಪಾಟು ಬಾಯಿ ಬಿಟ್ಟುಕೊಂಡು ನೆಲಕ್ಕುರುಳಿತು, ವಿಭೂತಿಯ ಧೂಳು ಮೇಲೆದ್ದಿತು. ಎಂಜಿನ್ ಕೆಮ್ಮಿ ನಿಂತಿತು.

ಧೂಳಿನೊಳಗಿಂದ ಮುರುಗೇಶನ ದನಿ ಬಂತು. ಹೆದರಿಕೆಗಿಂತ ತನಗೆ ಅನ್ಯಾಯವಾಯಿತೆಂಬ ಸಿಟ್ಟೇ ಹೆಚ್ಚಾದ ದನಿ.

“ಇದೇನ್ ಮೋಸಲೇ! ಅವತ್ತು ಮುಂದಕ್ಕ ಒತ್ತಿದ್ರ ಹಿಂದಕ್ಕ ಹೋತು! ಅದಕ್ಕ ಇವತ್ತು ಹಿಂದಕ್ಕ ಎಳದೆ!”

ಯಾರ್ಡಿನಲ್ಲಿ ಯಾರೂ ಮೊಬೈಲ್ ಇಳಿಸಲಿಲ್ಲ.

“ಯಾವತ್ತು?” ಎಂದು ಕೇಳಿದರು ಸೌಜನ್ಯ ಮೇಡಂ.

ಗೇಟಿನ ಕಡೆಯಿಂದ ಉಜ್ಜಿನಪ್ಪ ಮೆಲ್ಲಗೆ ಹೇಳಿದ. “ಆಗ ಗೇರಿನ ವೈರ್ ಉಲ್ಟಾ ಜೋಡಿಸಿದ್ರವ್ವ. ನಾ ರೂಢಿ ಮ್ಯಾಲ ಓಡಿಸ್ತಿದ್ದೆ. ಗೋಡಿ ಬಿದ್ದ ಮ್ಯಾಲ ಕಂಪ್ಲಿ ಮೆಕ್ಯಾನಿಕ್ ಬಂದು ಸರಿ ಮಾಡಿ ಹೋದ. ಇವರಿಗೆ ಅದು ಗೊತ್ತಿಲ್ಲೇನೋ.”

ಮೇಡಂ ರಿಪೋರ್ಟಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿದರು. “ಇದು ರೆಕಾರ್ಡ್ ಆತೇನು?” ಎಂದರು ತಿಪ್ಪೇಶನಿಗೆ.

“ಕ್ಯಾಮೆರಾದಾಗ ಇಲ್ರಿ,” ಎಂದ ತಿಪ್ಪೇಶ್, ಜನರ ಕಡೆ ಕೈ ತೋರಿಸಿ. ಹದಿನೇಳು ಮೊಬೈಲುಗಳು ಇನ್ನೂ ಎತ್ತಿದಂತೆಯೇ ಇದ್ದವು. ಸಂಗಮ್ಮನದೂ ಇತ್ತು. ಈ ಸಲ ಅವನು ಯಾರನ್ನೂ ನಂಬಲಿಲ್ಲ. ಅಲ್ಲೇ ನಿಂತು ಒಬ್ಬೊಬ್ಬರಿಂದಲೂ ತನ್ನ ಮೊಬೈಲಿಗೆ ಹಾಕಿಸಿಕೊಂಡ, ಹದಿನೇಳನ್ನೂ.

ಮುರುಗೇಶ್ ಇಳಿದ. ಉಜ್ಜಿನಪ್ಪ ಗೇಟಿನ ಒಳಗೆ ಬಂದ, ಚಪ್ಪಲಿ ಬಿಟ್ಟು ಲೋಡರಿಗೆ ಕೈ ಮುಗಿದ, ಬಿಳಿ ಅಂಗಿಯ ತೋಳು ಮಡಚಿಕೊಂಡು ಹತ್ತಿದ. ಗೇರಿನ ಕಡ್ಡಿಯನ್ನು ಮುಂದಕ್ಕೆ ಒತ್ತಿದ.

ಲೋಡರು ತಗಡು ಕೊಡವಿಕೊಂಡು ಮುಂದೆ ಬಂತು. ನಾಲ್ಕು ನಿಂಬೆಹಣ್ಣೂ ಪಚಕ್ ಎಂದವು.